ಸ್ವೆಟರಿಗೆ ಟೈ: ಒಪ್ಪುವ ಹಾಗೆ ತೊಡಲು ಹನ್ನೊಂದು ಸೂತ್ರಗಳು

ನಮ್ಮಲ್ಲಿ ಹೆಚ್ಚಿನವರು ಸ್ವೆಟರ್ ಮತ್ತು ಟೈಯನ್ನು ಒಟ್ಟಿಗೆ ತೊಟ್ಟದ್ದು ಶಾಲೆಗೆ ಹೋಗುವಾಗ ಮಾತ್ರ. ಕಡುನೀಲಿ ಅಕ್ರಿಲಿಕ್ ಸ್ವೆಟರ್, ಎಲಾಸ್ಟಿಕ್ ಟೈ, ಬೆಳಗಿನ ಪ್ರಾರ್ಥನೆಯ ಸಾಲು. ಹತ್ತನೇ ತರಗತಿ ಮುಗಿದದ್ದೇ ತಡ, ಟೈ ಸೂಟಿನ ಪಾಲಾಯಿತು, ಸ್ವೆಟರ್ ಬೆಳಗಿನ ವಾಕಿಂಗ್ ಪಾಲಾಯಿತು. ಅವೆರಡನ್ನೂ ಮತ್ತೆ ಕೂಡಿಸಬೇಕು ಅನ್ನುವುದು ನನ್ನ ಆಸೆ. ಸೂಟು ಅತಿಯಾಯಿತು, ಬರೀ ಶರ್ಟು ಸಾಲದು ಎನಿಸುವ ದಿನಗಳಿಗೆ ಇದಕ್ಕಿಂತ ಹಿತವಾದ ಉಡುಪು ಗಂಡಸರಿಗೆ ಇನ್ನೊಂದಿಲ್ಲ. ಆದರೆ ಕೆಲವು ವಿಷಯಗಳಲ್ಲಿ ಎಚ್ಚರ ಬೇಕು.

1. ಸ್ವೆಟರ್ ತೆಳ್ಳಗಿರಲಿ
ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಒಳಗೆ ಶರ್ಟು, ಅದರ ಮೇಲೆ ಟೈ, ಹೊರಗೆ ಕೋಟು. ಇವುಗಳ ನಡುವೆ ದಪ್ಪ ಸ್ವೆಟರ್ ತುರುಕಿದರೆ ಎದೆ ಉಬ್ಬುತ್ತದೆ, ಕೋಟಿನ ತೋಳು ಹಿಡಿಯುತ್ತದೆ. ಹೆಣಿಗೆಯ ನಯವನ್ನು ಗೇಜ್ ಲೆಕ್ಕದಲ್ಲಿ ಹೇಳುತ್ತಾರೆ. ಹೆಣಿಗೆ ಯಂತ್ರದಲ್ಲಿ ಒಂದು ಅಂಗುಲಕ್ಕೆ ಎಷ್ಟು ಸೂಜಿಗಳಿವೆ ಎಂಬುದೇ ಆ ಸಂಖ್ಯೆ. ಸಂಖ್ಯೆ ಹೆಚ್ಚಿದಷ್ಟೂ ಬಟ್ಟೆ ತೆಳು. 12 ಗೇಜ್‌ನ ಮೆರಿನೊ ಉಣ್ಣೆ ಟೈ ಮೇಲೆ ಚೆನ್ನಾಗಿ ಕೂರುತ್ತದೆ. 1784ರಿಂದ ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಜಾನ್ ಸ್ಮೆಡ್ಲಿ ಕಂಪನಿ 30 ಗೇಜ್‌ನಲ್ಲಿ ಹೆಣೆಯುವ ಸ್ವೆಟರ್‌ಗಳು ಹೆಚ್ಚುಕಡಿಮೆ ಶರ್ಟಿನಷ್ಟೇ ತೆಳ್ಳಗಿರುತ್ತವೆ. ಅಂಗಡಿಯ ಚೀಟಿಯಲ್ಲಿ ಗೇಜ್ ಬರೆದಿಲ್ಲವೇ? ಸ್ವೆಟರಿನ ಒಂದು ಪದರವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ನೋಡಿ. ನಿಮ್ಮ ಶರ್ಟಿನ ಕಾಲರಿಗಿಂತ ದಪ್ಪ ಎನಿಸಿದರೆ ಅದನ್ನು ಟೈ ಇಲ್ಲದ ದಿನಕ್ಕೆ ಇಟ್ಟುಕೊಳ್ಳಿ.

2. ‘ವಿ’ ಕುತ್ತಿಗೆಯ ಆಳ ನೋಡಿ
‘ವಿ’ ತೀರಾ ಮೇಲಿದ್ದರೆ ಟೈ ಗಂಟು ನಲುಗುತ್ತದೆ. ತೀರಾ ಕೆಳಗಿದ್ದರೆ ಟೈ ಜೋತಾಡುತ್ತದೆ, ಶರ್ಟು ಬಿಳಿ ಬಾವುಟದ ಹಾಗೆ ಕಾಣುತ್ತದೆ. ಗಂಟಿನಿಂದ ನಾಲ್ಕೈದು ಬೆರಳು ಕೆಳಗೆ ‘ವಿ’ ತುದಿ ಬಂದರೆ ಸರಿಯಾಗಿದೆ ಎಂದರ್ಥ.

3. ಕಾಲರ್ ತುದಿಗಳು ಒಳಗೇ ಉಳಿಯಬೇಕು
ಕನ್ನಡಿ ಮುಂದೆ ನಿಂತಾಗ ಎಲ್ಲವೂ ಸರಿಯಿರುತ್ತದೆ. ಬಸ್ಸಿನ ಕಂಬಿ ಹಿಡಿಯಲು ಕೈ ಎತ್ತಿದಿರಿ, ಪಕ್ಕದವರ ಕಡೆ ತಿರುಗಿ ಮಾತಾಡಿದಿರಿ, ಅಷ್ಟರಲ್ಲಿ ಎಡಗಡೆಯ ಕಾಲರ್ ತುದಿ ಸ್ವೆಟರಿನ ಅಂಚು ದಾಟಿ ಹೊರಗೆ ಬಂದಿರುತ್ತದೆ. ಬಲಗಡೆಯದು ಒಳಗೇ ಇರುತ್ತದೆ. ಇಡೀ ಉಡುಪು ಅಲ್ಲಿಗೆ ಕೆಟ್ಟಿತು. ಇದು ಆಗುವುದು ಕಾಲರ್ ಗಿಡ್ಡವಿದ್ದಾಗ, ಇಲ್ಲವೇ ಪ್ಲಾಸ್ಟಿಕ್ ಕಡ್ಡಿ ಹಾಕಿ ಬಿಗಿ ಮಾಡಿದಾಗ. ಮೆತ್ತನೆಯ, ತುಸು ಉದ್ದ ತುದಿಯ ಕಾಲರ್ ಆರಿಸಿಕೊಳ್ಳಿ.

ಇನ್ನೂ ಖಾತ್ರಿಯ ದಾರಿ ಬಟನ್‌ಡೌನ್ ಕಾಲರ್. ಇಂಗ್ಲೆಂಡಿನ ಪೋಲೊ ಆಟಗಾರರು ಕಾಲರ್ ಗಾಳಿಗೆ ಹಾರದಿರಲೆಂದು ತುದಿಗೆ ಗುಂಡಿ ಹಾಕಿಕೊಳ್ಳುತ್ತಿದ್ದರು. ಅದನ್ನು ಕಂಡು ನ್ಯೂಯಾರ್ಕಿನ ಬ್ರೂಕ್ಸ್ ಬ್ರದರ್ಸ್ 1896ರಲ್ಲಿ ಅಂಥ ಶರ್ಟನ್ನು ಮಾರುಕಟ್ಟೆಗೆ ತಂದಿತು. ಕುದುರೆಯ ಮೇಲಿನ ಅವಸರಕ್ಕೆ ಹುಟ್ಟಿದ ಆ ಗುಂಡಿ ಸ್ವೆಟರಿನ ಕೆಳಗೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ದುಂಡು ಕುತ್ತಿಗೆಯ ಸ್ವೆಟರಿಗೆ ಟೈ ಕಟ್ಟುವ ಧೈರ್ಯವಿದ್ದರೆ ಬಟನ್‌ಡೌನ್ ಬಿಟ್ಟು ಬೇರೆ ಕಾಲರ್ ಬೇಡ.

4. ಟೈಗೆ ಮೈಯಿರಲಿ, ಮಿಂಚು ಬೇಡ
ಮದುವೆ ಆರತಕ್ಷತೆಯ ಥಳಥಳ ಸ್ಯಾಟಿನ್ ಟೈ ಉಣ್ಣೆಯ ಪಕ್ಕದಲ್ಲಿ ಪರಕೀಯವಾಗಿ ಕಾಣುತ್ತದೆ. ಉಣ್ಣೆಗೆ ಹೊಂದುವುದು ಮುಟ್ಟಿದರೆ ಬೆರಳಿಗೆ ತಿಳಿಯುವಂಥ ಬಟ್ಟೆ: ರೇಷ್ಮೆಯ ನೂಲಿನಲ್ಲಿ ಹೆಣೆದ ಚೌಕ ತುದಿಯ ಟೈ, ಉಣ್ಣೆಯ ಟೈ, ಇಟಲಿಯ ಕೋಮೊದಲ್ಲಿ ನೇಯುವ ಜಾಲರಿಯಂಥ ಗ್ರೆನಡೀನ್. ಇಯಾನ್ ಫ್ಲೆಮಿಂಗ್ ತನ್ನ ಕಾದಂಬರಿಗಳಲ್ಲಿ ಜೇಮ್ಸ್ ಬಾಂಡ್‌ಗೆ ಕಟ್ಟಿದ್ದು ಹೆಣೆದ ಕಪ್ಪು ರೇಷ್ಮೆ ಟೈ. ಮೊದಲು ಒಂದೇ ಟೈ ಕೊಳ್ಳುವುದಾದರೆ ಕಡುನೀಲಿ ಬಣ್ಣದ ಹೆಣೆದ ರೇಷ್ಮೆ ಟೈ ಕೊಳ್ಳಿ. ಅದು ಯಾವ ಸ್ವೆಟರಿಗೂ ಒಲ್ಲೆ ಅನ್ನುವುದಿಲ್ಲ.

5. ಗಂಟು ಚಿಕ್ಕದಿರಲಿ
ಫೋರ್ ಇನ್ ಹ್ಯಾಂಡ್ ಗಂಟೇ ಸಾಕು. ದಪ್ಪನೆಯ ವಿಂಡ್ಸರ್ ಗಂಟಿಗೆ ‘ವಿ’ ಒಳಗೆ ಜಾಗವಿಲ್ಲ. ಟೈ ಅಗಲ 7ರಿಂದ 8 ಸೆಂಟಿಮೀಟರ್ ಇರಲಿ.

6. ಟೈ ಪಿನ್ ಮನೆಯಲ್ಲೇ ಬಿಡಿ
ಟೈ ಹಾರದಂತೆ ಹಿಡಿಯುವ ಕೆಲಸವನ್ನು ಸ್ವೆಟರೇ ಮಾಡುತ್ತದೆ. ಟೈ ತುದಿ ಬೆಲ್ಟಿಗೆ ಮುಟ್ಟಿತೋ ಇಲ್ಲವೋ ಎಂಬ ಚಿಂತೆಯೂ ಇಲ್ಲ. ಗಿಡ್ಡ ಮೈಯವರಿಗೂ ತೀರಾ ಎತ್ತರದವರಿಗೂ ಇದು ದೊಡ್ಡ ಅನುಕೂಲ.

7. ಯೂನಿಫಾರ್ಮ್ ಆಗದಂತೆ ಬಣ್ಣ ಆರಿಸಿ
‘ಶಾಲೆ ಹುಡುಗನ ಹಾಗೆ ಕಾಣುತ್ತೇನೇನೋ’ ಎಂಬ ಭಯದಿಂದಲೇ ಬಹಳ ಜನ ಹಿಂದೆ ಸರಿಯುತ್ತಾರೆ. ಭಯ ಸುಳ್ಳಲ್ಲ. ಬಿಳಿ ಶರ್ಟು, ಕಡುನೀಲಿ ಸ್ವೆಟರ್, ಪಟ್ಟೆ ಟೈ, ಬೂದು ಪ್ಯಾಂಟು, ನಾಲ್ಕೂ ಸೇರಿದರೆ ಅದು ಶಾಲೆಯೇ. ಎರಡನ್ನು ಬದಲಿಸಿ ನೋಡಿ, ನೆನಪು ಕರಗಿಹೋಗುತ್ತದೆ. ಬಿಳಿಯ ಬದಲು ತಿಳಿನೀಲಿ ಶರ್ಟು, ಪಟ್ಟೆಯ ಬದಲು ಒಂದೇ ಬಣ್ಣದ ಟೈ. ಸ್ವೆಟರಿಗೆ ಬೂದು, ಒಂಟೆಬಣ್ಣ, ಪಾಚಿಹಸಿರು, ಕಾಫಿಪುಡಿಯ ಕಂದು. ನನ್ನ ಮೆಚ್ಚಿನ ಜೋಡಿ ಬೂದು ಸ್ವೆಟರ್, ತಿಳಿನೀಲಿ ಶರ್ಟು, ಕಡುನೀಲಿ ಹೆಣೆದ ಟೈ. ನಮ್ಮ ಮೈಬಣ್ಣಕ್ಕೆ ಪಾಚಿಹಸಿರು ಮತ್ತು ಕಂದು ವಿಶೇಷವಾಗಿ ಒಪ್ಪುತ್ತವೆ. ಕಪ್ಪು ಬಣ್ಣ ಮುಖವನ್ನು ಮಂಕು ಮಾಡುತ್ತದೆ.

8. ಚಿತ್ತಾರ ಒಂದೇ ಕಡೆ ಇರಲಿ
ಸ್ಕಾಟ್ಲೆಂಡಿನ ಉತ್ತರಕ್ಕೆ, ಆರ್ಕ್ನಿ ಮತ್ತು ಶೆಟ್‌ಲ್ಯಾಂಡ್ ದ್ವೀಪಗಳ ನಡುವೆ ಫೇರ್ ಐಲ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿಯ ಹೆಂಗಸರು ಹೆಣೆಯುತ್ತಿದ್ದ ಬಣ್ಣಬಣ್ಣದ ಪಟ್ಟಿಯ ಸ್ವೆಟರಿಗೆ ಅದೇ ಹೆಸರು. ನೋಡಲು ಹತ್ತು ಬಣ್ಣವಿದ್ದಂತೆ ಕಂಡರೂ ಸಾಂಪ್ರದಾಯಿಕ ಹೆಣಿಗೆಯ ಒಂದು ಸಾಲಿನಲ್ಲಿ ಎರಡೇ ಬಣ್ಣದ ನೂಲು. ಮುಂದೆ ಎಂಟನೇ ಎಡ್ವರ್ಡ್ ಆದ ವೇಲ್ಸ್ ರಾಜಕುಮಾರ 1922ರಲ್ಲಿ ಸೇಂಟ್ ಆಂಡ್ರೂಸ್‌ನ ಗಾಲ್ಫ್ ಮೈದಾನದಲ್ಲಿ ಇದನ್ನು ತೊಟ್ಟು ಕಾಣಿಸಿಕೊಂಡದ್ದೇ ತಡ, ಅದು ಎಲ್ಲರಿಗೂ ಬೇಕಾಯಿತು. ಆಗಿನವರು ಗಾಲ್ಫನ್ನೂ ಟೈ ಕಟ್ಟಿಯೇ ಆಡುತ್ತಿದ್ದರು. ಅಂಥ ಸ್ವೆಟರ್ ನಿಮ್ಮ ಬಳಿ ಇದ್ದರೆ ಶರ್ಟೂ ಟೈಯೂ ಸಾದಾ ಇರಲಿ. ಸ್ವೆಟರಿನ ಪಟ್ಟಿಯಲ್ಲಿರುವ ಯಾವುದಾದರೂ ಮಂದ ಬಣ್ಣವನ್ನೇ ಟೈಗೆ ಆರಿಸಿದರೆ ಸಾಕು.

9. ಕಾರ್ಡಿಗನ್ ಅನ್ನು ವೇಸ್ಟ್‌ಕೋಟ್ ಎಂದುಕೊಳ್ಳಿ
ಕ್ರಿಮಿಯಾ ಯುದ್ಧದಲ್ಲಿ, 1854ರ ಬಾಲಕ್ಲಾವಾ ಕದನದಲ್ಲಿ ಲಘು ಅಶ್ವದಳವನ್ನು ನಡೆಸಿದ ಏಳನೇ ಅರ್ಲ್ ಆಫ್ ಕಾರ್ಡಿಗನ್ ಹೆಸರೇ ಮುಂದೆ ಗುಂಡಿ ಹಾಕುವ ಈ ಸ್ವೆಟರಿಗೂ ಬಂದಿದೆ. ಕೋಟಿನ ಒಳಗೆ ತೆಳು ಕಾರ್ಡಿಗನ್ ತೊಟ್ಟರೆ ಸಾದಾ ಕೋಟು ಪ್ಯಾಂಟಿಗೂ ಮೂರು ತುಂಡಿನ ಸೂಟಿನ ಘನತೆ ಬರುತ್ತದೆ. ಕೊನೆಯ ಗುಂಡಿ ಬಿಚ್ಚಿರಲಿ, ಕೂತಾಗ ಹೊಟ್ಟೆಯ ಹತ್ತಿರ ಸುಕ್ಕು ಬೀಳುವುದಿಲ್ಲ.

10. ಸೊಂಟದ ಹತ್ತಿರ ಸೋಲಬೇಡಿ
ಸ್ವೆಟರಿನ ಕೆಳಪಟ್ಟಿ ಪ್ಯಾಂಟಿನ ಸೊಂಟಪಟ್ಟಿಯ ಮೇಲೆ ಕೂರಬೇಕು. ಪ್ಯಾಂಟು ಹೊಕ್ಕುಳಿನ ಸಮೀಪಕ್ಕೆ ಬರುವಂಥದ್ದಾದರೆ ಇದು ತಾನಾಗಿ ಆಗುತ್ತದೆ. ಕೆಳಗಿಳಿದ ಜೀನ್ಸ್ ಆದರೆ ನಡುವೆ ಶರ್ಟು ಇಣುಕುತ್ತದೆ. ದಪ್ಪ ಬಕಲಿನ ಬೆಲ್ಟೂ ಬೇಡ, ತೆಳು ಉಣ್ಣೆಯ ಕೆಳಗೆ ಅದು ಗಡ್ಡೆಯ ಹಾಗೆ ಎದ್ದು ಕಾಣುತ್ತದೆ.

11. ನಮ್ಮ ಊರಿಗೆ ತೋಳಿಲ್ಲದ್ದೇ ಸರಿ
ಎಡಿನ್‌ಬರೋದಲ್ಲೋ ಟೊರಾಂಟೊದಲ್ಲೋ ಇರುವ ಕನ್ನಡಿಗರಿಗೆ ತುಂಬುತೋಳಿನ ಸ್ವೆಟರ್ ಬೇಕೇ ಬೇಕು. ಬೆಂಗಳೂರಿನ ಡಿಸೆಂಬರ್ ಬೆಳಗು ಸಾಮಾನ್ಯವಾಗಿ 15-16 ಡಿಗ್ರಿ. ಹತ್ತು ಗಂಟೆಗೆ ಬಿಸಿಲು ಏರಿದ ಮೇಲೆ ತುಂಬುತೋಳು ಹಿಂಸೆ. ತೋಳಿಲ್ಲದ ಸ್ವೆಟರ್ ಎದೆಯನ್ನು ಬೆಚ್ಚಗಿಡುತ್ತದೆ, ತೋಳಿಗೆ ಗಾಳಿ ಬಿಡುತ್ತದೆ, ಕೋಟಿನ ಕಂಕುಳಲ್ಲಿ ಹಿಡಿಯುವುದಿಲ್ಲ. ಏರ್ ಕಂಡೀಷನ್ ಆಫೀಸಿಗೂ ಅದೇ ವಾಸಿ.

ನಮ್ಮಪ್ಪ ಚಿಕ್ಕಮಗಳೂರಿನ ಕಡೆ ಹೈಸ್ಕೂಲು ಮೇಷ್ಟ್ರು. ಅತ್ತೆ ಹೆಣೆದುಕೊಟ್ಟ ಬೂದಿ ಬಣ್ಣದ ತೋಳಿಲ್ಲದ ಸ್ವೆಟರ್ ಒಂದಿತ್ತು. ಇನ್‌ಸ್ಪೆಕ್ಷನ್ ದಿನ ಅದರೊಳಗೆ ಕಂದು ಟೈ ಕಟ್ಟುತ್ತಿದ್ದರು. ಬಲಗಡೆ ಎದೆಯ ಹತ್ತಿರ ಒಂದು ಹೊಲಿಗೆ ಬಿಟ್ಟುಹೋಗಿ, ಅತ್ತೆ ಅದನ್ನು ಬೇರೆ ಬೂದಿ ನೂಲಿನಿಂದ ಕೂಡಿಸಿದ್ದರು. ಹತ್ತಿರ ಹೋದರೆ ಮಾತ್ರ ಕಾಣುವ ಕಡಲೆಕಾಳಿನಷ್ಟು ಗಂಟು. ಅಪ್ಪ ತೀರಿಕೊಂಡ ಮೇಲೆ ಆ ಸ್ವೆಟರನ್ನು ನಾನು ತೊಡುತ್ತಿದ್ದೇನೆ. ತಣ್ಣೀರಿನಲ್ಲಿ ಕೈಯಲ್ಲೇ ಒಗೆದು, ಹಿಂಡದೆ, ಟವೆಲಿನ ಮೇಲೆ ಹರಡಿ ನೆರಳಲ್ಲಿ ಒಣಗಿಸುತ್ತೇನೆ. ಹ್ಯಾಂಗರಿಗೆ ಹಾಕದೆ ಮಡಿಸಿ ಇಡುತ್ತೇನೆ, ಹೆಣೆದ ಟೈಯನ್ನು ಸುರುಳಿ ಸುತ್ತಿಡುತ್ತೇನೆ. ನೇತುಹಾಕಿದರೆ ಎರಡೂ ತಮ್ಮ ಭಾರಕ್ಕೇ ಜಗ್ಗಿ ಉದ್ದವಾಗುತ್ತವೆ. ಬೆವರಿನ ಕಲೆಯಿರುವ ಉಣ್ಣೆಗೆ ನುಸಿಹುಳು ಬೇಗ ಬೀಳುವುದರಿಂದ ಒಗೆಯದೆ ಪೆಟ್ಟಿಗೆಗೆ ಹಾಕುವುದಿಲ್ಲ.

ನಿಮ್ಮ ಮನೆಯ ಟ್ರಂಕಿನಲ್ಲೂ ಅಂಥದೊಂದು ಸ್ವೆಟರ್ ಇರಬಹುದು. ಹೊಸದು ಕೊಳ್ಳುವ ಮೊದಲು ಅದನ್ನು ಹೊರಗೆ ತೆಗೆದು, ಬಿಸಿಲಿಗೆ ಒಮ್ಮೆ ಕೊಡವಿ, ತಿಳಿನೀಲಿ ಶರ್ಟಿನ ಮೇಲೆ ತೊಟ್ಟು ನೋಡಿ.