ಸುದ್ದಿಯೂ ಒಂದು ಅಮಾನತ್



2023ರ ಜೂನ್ 1ರಂದು ಚಾಮರಾಜನಗರ ತಾಲೂಕಿನ ಭೋಗಾಪುರದ ಬಳಿ ವಾಯುಪಡೆಯ ವಿಮಾನವೊಂದು ಹೊಲದಲ್ಲಿ ಬಿದ್ದು ಉರಿಯಿತು. ಅದರಲ್ಲಿದ್ದ ಇಬ್ಬರೂ ಪ್ಯಾರಾಚೂಟ್ ಮೂಲಕ ಇಳಿದು ಬದುಕುಳಿದರು. ಅಲ್‌ಹಮ್ದುಲಿಲ್ಲಾಹ್. ವಾಯುಪಡೆ ಅಂದು ತಿಳಿಸಿದ್ದು ಇಷ್ಟೇ: ಅದು ಕಿರಣ್ ತರಬೇತಿ ವಿಮಾನ; ಎಂದಿನ ತರಬೇತಿ ಹಾರಾಟದಲ್ಲಿತ್ತು; ಇಬ್ಬರೂ ಸುರಕ್ಷಿತರು; ಕಾರಣ ತಿಳಿಯಲು ತನಿಖೆಗೆ ಆದೇಶಿಸಲಾಗಿದೆ. ಕಾರಣದ ಬಗ್ಗೆ ಅದು ಒಂದು ಮಾತೂ ಆಡಲಿಲ್ಲ.

ಸುದ್ದಿ ಬರೆಯುವವರಿಗೆ ಇಷ್ಟು ಸಂಯಮ ಸಾಮಾನ್ಯವಾಗಿ ಇರುವುದಿಲ್ಲ. ಗಡಿಬಿಡಿಯಲ್ಲಿ ತರಬೇತಿ ವಿಮಾನ ಯುದ್ಧವಿಮಾನವಾಗುತ್ತದೆ. 'ಕಿರಣ್' ಎಂಬುದು ಬೆಂಗಳೂರಿನ ಎಚ್.ಎ.ಎಲ್. ತಯಾರಿಸಿದ, ಇಬ್ಬರು ಕೂರುವ ಜೆಟ್ ವಿಮಾನ. 'ಸೂರ್ಯಕಿರಣ್' ಎಂಬುದು ವಾಯುಪಡೆಯ ಪ್ರದರ್ಶನ ತಂಡ. ಹೆಸರು ಹತ್ತಿರವಿದ್ದರೆ ಒಂದನ್ನು ಇನ್ನೊಂದೆಂದು ಬರೆದುಬಿಡುವುದು ಸುಲಭ. 'ಕಪ್ಪು ಪೆಟ್ಟಿಗೆ' ಎಂದು ನಾವು ಕರೆಯುವ ಪೆಟ್ಟಿಗೆಯ ಬಣ್ಣ ಕಿತ್ತಳೆ. ಇವೆಲ್ಲ ಸಣ್ಣ ತಪ್ಪುಗಳೇ. ಆದರೆ ವಿಮಾನದ ಹೆಸರನ್ನೇ ಕೇಳಿ ತಿಳಿಯದವನು ಅದು ಬಿದ್ದ ಕಾರಣವನ್ನು ಎಷ್ಟರಮಟ್ಟಿಗೆ ವಿಚಾರಿಸಿರಬಲ್ಲ?

ಮಂಗಳೂರಿನ ಪಾಠ

2010ರ ಮೇ 22ರ ಮುಂಜಾನೆಯನ್ನು ನಮ್ಮ ಸಮುದಾಯ ಮರೆತಿಲ್ಲ. ದುಬೈಯಿಂದ ಮಂಗಳೂರಿಗೆ ಬಂದ ವಿಮಾನ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಉರುಳಿತು. 158 ಮಂದಿ ಮಡಿದರು, ಎಂಟು ಮಂದಿ ಬದುಕುಳಿದರು. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಎಷ್ಟೋ ಮನೆಗಳ ದುಡಿಯುವ ಕೈಗಳು ಅಂದು ಇಲ್ಲವಾದವು.

ಮೊದಲ ಗಂಟೆಗಳಲ್ಲೇ ಕಾರಣಗಳ ಪಟ್ಟಿ ಸಿದ್ಧವಾಯಿತು. ಟಯರ್ ಸಿಡಿಯಿತೆಂದು ಕೆಲವರು, ರನ್‌ವೇ ಚಿಕ್ಕದೆಂದು ಹಲವರು ಹೇಳಿದರು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖೆ ತಿಂಗಳುಗಟ್ಟಲೆ ನಡೆದ ಬಳಿಕ ತಿಳಿದುಬಂದದ್ದು ಬೇರೆ. ಸುಮಾರು 2,450 ಮೀಟರ್ ಉದ್ದದ ರನ್‌ವೇಯಲ್ಲಿ ಸುಮಾರು 1,600 ಮೀಟರ್ ದಾಟಿದ ಮೇಲೆ ವಿಮಾನ ನೆಲ ಮುಟ್ಟಿತ್ತು. ಮುಖ್ಯ ಪೈಲಟ್ ಪ್ರಯಾಣದಲ್ಲಿ ದೀರ್ಘ ಹೊತ್ತು ನಿದ್ರಿಸಿದ್ದರು. ಇಳಿಯಬೇಡಿ, ಮತ್ತೆ ಮೇಲೇರಿಸಿ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರು, ಯಂತ್ರವೂ ಎಚ್ಚರಿಸಿತ್ತು. ಸಹ ಪೈಲಟ್ ತಾವೇ ನಿಯಂತ್ರಣ ಕೈಗೆತ್ತಿಕೊಳ್ಳಲಿಲ್ಲ ಎಂಬುದನ್ನೂ ವರದಿ ಮರೆಮಾಚಲಿಲ್ಲ.

ಯೋಚಿಸಿ. ಅಂದು ಯಾರಾದರೂ 'ಇಬ್ಬರು ಪೈಲಟ್‌ಗಳೂ ಎಚ್ಚರ ತಪ್ಪಿದರು' ಎಂದು ಸಾರಿದ್ದರೆ, ಮೂರು ಬಾರಿ ಎಚ್ಚರಿಸಿ ಮಡಿದ ಆ ಮನುಷ್ಯನಿಗೆ ಎಂಥ ಅನ್ಯಾಯವಾಗುತ್ತಿತ್ತು! ಕಣಿವೆಯಿಂದ ದೊರೆತ ಧ್ವನಿಮುದ್ರಿಕೆ ಅವರ ಪರವಾಗಿ ಸಾಕ್ಷಿ ನುಡಿಯಿತು.

ಕುರ್‌ಆನ್‌ನ ಆದೇಶ

ಪ್ರವಾದಿವರ್ಯರು(ಸ) ಝಕಾತ್ ಸಂಗ್ರಹಕ್ಕಾಗಿ ಬನೂ ಮುಸ್ತಲಿಕ್ ಗೋತ್ರದ ಬಳಿಗೆ ಒಬ್ಬರನ್ನು ಕಳುಹಿಸಿದ್ದರೆಂದು ವ್ಯಾಖ್ಯಾನಕಾರರು ತಿಳಿಸುತ್ತಾರೆ. ಸ್ವಾಗತಿಸಲು ಹೊರಬಂದ ಜನರನ್ನು ಕಂಡು ಅವರು ಹೆದರಿದರು. ಮರಳಿ ಬಂದು, ಆ ಜನರು ಝಕಾತ್ ನಿರಾಕರಿಸಿದರೆಂದು ಹೇಳಿದರು. ಪರೀಕ್ಷಿಸದೆ ನಂಬಿದ್ದರೆ ನಿರಪರಾಧಿಗಳ ರಕ್ತ ಹರಿಯುತ್ತಿತ್ತು. ತಂದ ಸುದ್ದಿಯನ್ನು ಪರಿಶೀಲಿಸಬೇಕು, ಇಲ್ಲವಾದರೆ ಅರಿಯದೆ ಒಂದು ಜನತೆಗೆ ಹಾನಿ ಮಾಡಿ ಪಶ್ಚಾತ್ತಾಪ ಪಡಬೇಕಾದೀತು ಎಂಬ ಎಚ್ಚರಿಕೆ ಸೂರಃ ಅಲ್ ಹುಜುರಾತ್‌ನ ಆರನೇ ಸೂಕ್ತದಲ್ಲಿದೆ. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೇ ಒಬ್ಬನು ಸುಳ್ಳುಗಾರನಾಗಲು ಸಾಕೆಂದು ಪ್ರವಾದಿ(ಸ) ಕಲಿಸಿದ್ದಾರೆ.

ಹಾಗಾದರೆ ಪೈಲಟ್ ನಿದ್ರಿಸಿದ್ದರೆಂದು ತನಿಖೆ ಹೇಳಿದ್ದು ಪರದೂಷಣೆಯೇ? ಅಲ್ಲ. ಮುಂದಿನ ಪ್ರಯಾಣಿಕರ ಜೀವ ಉಳಿಸಲೆಂದು, ಪುರಾವೆ ತೂಗಿ ನುಡಿದದ್ದು ಸಾಕ್ಷ್ಯ. ಪುರಾವೆಯಿಲ್ಲದೆ ಅದನ್ನೇ ನುಡಿದಿದ್ದರೆ ಅದು ಊಹೆ ಮಾತ್ರ. ಊಹೆ ಅಕಸ್ಮಾತ್ ನಿಜವಾದರೂ ನುಡಿದವನು ತಪ್ಪಿತಸ್ಥನೇ.

2025ರ ಜೂನ್ 12ರ ಅಹಮದಾಬಾದ್ ದುರಂತದಲ್ಲಿ 260 ಮಂದಿ ಮಡಿದರು. ಹಾರಿದ ಕೆಲವೇ ಕ್ಷಣಗಳಲ್ಲಿ ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು ಬಂದ್ ಸ್ಥಿತಿಗೆ ಬಂದಿದ್ದವೆಂದು ಜುಲೈಯ ಪ್ರಾಥಮಿಕ ವರದಿ ತಿಳಿಸಿತು. ಏಕೆ ಬಂದ್ ಮಾಡಿದಿರಿ ಎಂದು ಒಬ್ಬ ಪೈಲಟ್ ಕೇಳಿದರು, ನಾನು ಮಾಡಲಿಲ್ಲವೆಂದು ಇನ್ನೊಬ್ಬರು ಹೇಳಿದರು. ಯಾರು ಕೇಳಿದರು, ಯಾರು ಉತ್ತರಿಸಿದರು ಎಂಬುದನ್ನು ಆ ವರದಿ ಹೇಳಲಿಲ್ಲ. ಯಾರನ್ನೂ ದೋಷಿಯೆನ್ನಲೂ ಇಲ್ಲ. ಆದರೂ ಕೆಲವು ಸುದ್ದಿಗಳು ಮೃತರಲ್ಲೊಬ್ಬರತ್ತ ಬೆರಳು ತೋರಿಸಿದವು. ಉತ್ತರಿಸಲು ಅವರಿಲ್ಲ, ಆದರೆ ಓದಲು ಅವರ ಮನೆಯವರಿದ್ದಾರೆ.

ನಮ್ಮ ಪಾಲಿನ ಕರ್ತವ್ಯ

ಇದು ಪತ್ರಕರ್ತರಿಗೆ ಮಾತ್ರ ಸೀಮಿತವಾದ ಪಾಠವಲ್ಲ. ಗುಂಡ್ಲುಪೇಟೆಯಿಂದ ಊಟಿಗೋ ಸುಲ್ತಾನ್ ಬತ್ತೇರಿಗೋ ಹೋಗುವ ರಸ್ತೆಯಲ್ಲಿ ವಾಹನ ಮಗುಚಿದರೆ, ಪೊಲೀಸರು ಬರುವ ಮೊದಲೇ 'ಡ್ರೈವರ್ ಕುಡಿದಿದ್ದನಂತೆ' ಎಂಬ ಮಾತು ಚಹಾದಂಗಡಿಗೆ ತಲುಪಿರುತ್ತದೆ. ಆ 'ಅಂತೆ'ಯನ್ನು ಮೊಬೈಲಿನಲ್ಲಿ ಮುಂದಕ್ಕೆ ಕಳುಹಿಸುವವರು ನಾವೇ. ಹೇಳುವವನು ಕಣ್ಣಾರೆ ಕಂಡಿದ್ದಾನೆಯೇ, ಆ ವಿಷಯ ಬಲ್ಲವನೇ ಎಂದು ಕೇಳೋಣ. ತಿಳಿಯದಿದ್ದಾಗ 'ತಿಳಿಯದು' ಎನ್ನಲು ಮಕ್ಕಳಿಗೆ ಕಲಿಸೋಣ. ತಪ್ಪು ಸುದ್ದಿ ಹೇಳಿಬಿಟ್ಟಿದ್ದರೆ, ಕೇಳಿದವರಿಗೇ ಮತ್ತೆ ಹೋಗಿ ತಿದ್ದಿ ಹೇಳೋಣ.

ವಿಮಾನದಲ್ಲಿರುವ ಆ ಕಿತ್ತಳೆ ಪೆಟ್ಟಿಗೆ ಆಡಿದ ಮಾತನ್ನೆಲ್ಲ ದಾಖಲಿಸುತ್ತದೆ. ನಮ್ಮ ಮಾತುಗಳನ್ನೂ ದಾಖಲಿಸುವ ಮಲಕ್‌ಗಳಿದ್ದಾರೆ. ಆ ಕರ್ಮಗ್ರಂಥ ತೆರೆಯುವ ದಿನ ಅಲ್ಲಾಹನು ನಮ್ಮನ್ನು ಅಪಮಾನದಿಂದ ಕಾಪಾಡಲಿ. ಆಮೀನ್.