ಮಗುವಿನ ಮನಸ್ಸು ಮುದುಡಿದಾಗ: ಮನೆಯವರು ಮಾಡಬೇಕಾದದ್ದು

ನಮ್ಮ ನೆರೆಮನೆಯ ಹುಡುಗಿ ಧನುರ್ಮಾಸದ ಮುಂಜಾವಿನಲ್ಲಿ ಬಾಗಿಲಿಗೆ ನೀರು ಹಾಕಿ, ಹನ್ನೊಂದು ಚುಕ್ಕಿಯ ರಂಗೋಲಿಯನ್ನು ಬಿಡಿಸದೆ ಒಳಗೆ ಹೋದವಳಲ್ಲ. ಅವಳು ಹತ್ತನೆಯ ತರಗತಿಗೆ ಬಂದ ವರ್ಷ, ಮೂರು ವಾರಗಳ ಕಾಲ ಆ ಹೊಸ್ತಿಲ ಮುಂದೆ ಎರಡು ಎಳೆಗಳ ಹೊರತು ಮತ್ತೇನೂ ಕಾಣಲಿಲ್ಲ. ಮನೆಯವರು ಅದನ್ನು ಸೋಮಾರಿತನವೆಂದು ಬಗೆದರು. ಅದು ವಾಸ್ತವವಾಗಿ ದುಃಖವಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 10ರಿಂದ 19ರ ವಯಸ್ಸಿನ ಪ್ರತಿ ಏಳು ಮಂದಿಯಲ್ಲಿ ಒಬ್ಬರು ಒಂದಲ್ಲ ಒಂದು ಮಾನಸಿಕ ಅಸ್ವಾಸ್ಥ್ಯದಿಂದ ಬಳಲುತ್ತಿರುವಾಗ, ಇಂತಹ ದುಃಖವನ್ನು ಗುರುತಿಸಿ ಅದಕ್ಕೆ ಒದಗುವ ಕ್ರಮವನ್ನು ಪ್ರತಿಯೊಂದು ಮನೆಯೂ ಅರಿತಿರುವುದು ಅವಶ್ಯ.

1. ಬದಲಾವಣೆಯನ್ನು ಗಮನಿಸಿರಿ

ಮಕ್ಕಳ ವ್ಯಥೆಯು ಯಾವಾಗಲೂ ಕಣ್ಣೀರಾಗಿಯೇ ಹೊರಬರುವುದಿಲ್ಲ. ಸಿಡುಕು, ಕಾರಣ ತಿಳಿಯದ ಹೊಟ್ಟೆನೋವು, ಶಾಲೆಗೆ ಹೋಗಲೊಲ್ಲದ ಹಟ, ನಿದ್ರಾಹಾರಗಳಲ್ಲಿ ವ್ಯತ್ಯಾಸ, ಗೆಳೆಯರಿಂದ ದೂರ ಸರಿಯುವುದು, ಪ್ರಿಯವಾಗಿದ್ದ ಹವ್ಯಾಸವನ್ನು ತೊರೆಯುವುದು, ಇವೆಲ್ಲ ಅದರ ರೂಪಗಳೇ. ಇಂತಹ ಚಿಹ್ನೆಗಳು ಎರಡು ವಾರಗಳಿಗೆ ಮೀರಿ ಉಳಿದುವಾದರೆ, ವಯಸ್ಸಿನ ಸ್ವಭಾವವೆಂದು ತಳ್ಳಿಹಾಕತಕ್ಕದ್ದಲ್ಲ.

2. ಉಪದೇಶಕ್ಕೆ ಮುನ್ನ ಕಿವಿಗೊಡಿರಿ

ಎದುರಿಗೆ ಕುಳ್ಳಿರಿಸಿಕೊಂಡು "ಏನಾಗಿದೆ ನಿನಗೆ?" ಎಂದು ಕೇಳಿದರೆ ಮಗುವಿಗೆ ಅದು ವಿಚಾರಣೆಯಂತೆ ತೋರುತ್ತದೆ. ಆ ಹುಡುಗಿಯ ತಾಯಿ ಒಂದು ಸಂಜೆ ಮೊರದ ತುಂಬ ಅವರೆಕಾಯಿಯನ್ನಿಟ್ಟುಕೊಂಡು, ಮಗಳನ್ನು ಪಕ್ಕಕ್ಕೆ ಕರೆದು, ಏನನ್ನೂ ಪ್ರಶ್ನಿಸದೆ ಸುಲಿಯತೊಡಗಿದರು. ಕೈಗಳು ಸೊಗಡಿನಿಂದ ಅಂಟಂಟಾಗಿ, ಕಾಯಿ ಮುಕ್ಕಾಲುಪಾಲು ಮುಗಿದ ಮೇಲೆ, ಹುಡುಗಿ ತಲೆಯೆತ್ತದೆಯೇ, "ಅಮ್ಮ, ಓದಿದ್ದೊಂದೂ ತಲೆಗೆ ಹತ್ತುತ್ತಿಲ್ಲ. ಯಾಕೋ ಏನೂ ಬೇಡ ಅನ್ನಿಸುತ್ತೆ" ಎಂದಳು. "ನಾವೆಷ್ಟು ಕಷ್ಟಪಟ್ಟು ಓದಿದೆವು ಗೊತ್ತೆ?" ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತಂತೆ, ಅದನ್ನು ನುಂಗಿಕೊಂಡು ತಾಯಿ, "ಹೌದೇನಮ್ಮ, ಎಷ್ಟು ದಿನದಿಂದ ಹೀಗಾಗ್ತಿದೆ?" ಎಂದಷ್ಟೇ ಕೇಳಿದರು. ಮಿಕ್ಕ ಮಾತೆಲ್ಲ ತಾನಾಗಿ ಬಂದಿತು.

3. ದಿನಚರಿಯನ್ನು ನೇರ್ಪಡಿಸಿರಿ

ಹದಿಹರೆಯದವರಿಗೆ ರಾತ್ರಿ 8ರಿಂದ 10 ಗಂಟೆಗಳ ನಿದ್ರೆ ಬೇಕು. ಮಲಗುವ ಹೊತ್ತಿಗೆ ಮನೆಯವರೆಲ್ಲರ ಮೊಬೈಲುಗಳೂ ನಡುಮನೆಯಲ್ಲೇ ಉಳಿಯಲಿ. ಹಿರಿಯರು ಪಾಲಿಸದ ನಿಯಮವನ್ನು ಕಿರಿಯರು ಪಾಲಿಸಲಾರರು. ದಿನಕ್ಕೊಂದು ಗಂಟೆ ಮೈ ಬೆವರುವಂತಹ ಆಟ ಅಥವಾ ನಡಿಗೆ, ಒಂದು ಹೊತ್ತಾದರೂ ಎಲ್ಲರೂ ಕೂಡಿ ಉಣ್ಣುವ ಊಟ, ಇವೂ ಬೇಕು.

4. ಪರೀಕ್ಷೆಯ ಭಾರವನ್ನು ಇಳಿಸಿರಿ

ಕರ್ನಾಟಕದಲ್ಲಿ 2024ರಿಂದ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ದೊರೆತಿದೆ. ಅವುಗಳಲ್ಲಿ ಉತ್ತಮವಾದ ಅಂಕವನ್ನೇ ಉಳಿಸಿಕೊಳ್ಳಬಹುದು. ಈ ಸಂಗತಿಯನ್ನು ಫಲಿತಾಂಶದ ದಿನದವರೆಗೆ ಕಾಯದೆ ಈಗಲೇ ಮಗುವಿಗೆ ಮನಗಾಣಿಸಿರಿ. ಚಿಕ್ಕಪ್ಪನ ಮಗನ ಅಂಕದೊಡನೆ ಹೋಲಿಸುವುದನ್ನು ನಿಲ್ಲಿಸಿ, ತರಗತಿಯ ಶಿಕ್ಷಕರಲ್ಲಿ ಒಮ್ಮೆ ಮನಬಿಚ್ಚಿ ಮಾತನಾಡಿರಿ. ಸಹಪಾಠಿಗಳ ಕಿರುಕುಳವೇನಾದರೂ ಇದ್ದರೆ ಅದು ಅಲ್ಲಿಯೇ ತಿಳಿಯಬರುವುದುಂಟು.

5. ಅಪಾಯದ ಶಂಕೆಯಿದ್ದಲ್ಲಿ ನೇರವಾಗಿ ಕೇಳಿರಿ

"ನಾನಿಲ್ಲದಿದ್ದರೇ ವಾಸಿ" ಎಂಬ ಮಾತು ಕಿವಿಗೆ ಬಿದ್ದರೆ ಗದರಿಸದೆ, "ಸಾಯಬೇಕೆಂದು ಅನ್ನಿಸುತ್ತಿದೆಯೇನಪ್ಪ?" ಎಂದು ಶಾಂತವಾಗಿ ಕೇಳಿರಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುತ್ತದೆಂಬುದು ತಪ್ಪು ನಂಬಿಕೆ. ಕೇಳಿದಾಗ ಮಗುವಿನ ಎದೆಯ ಭಾರ ಇಳಿಯುವುದೇ ಹೆಚ್ಚು. ಹೌದೆಂದರೆ, ಗುಟ್ಟಾಗಿಡುವೆನೆಂದು ಮಾತು ಕೊಡಬೇಡಿರಿ, ಮಗುವನ್ನು ಒಂಟಿಯಾಗಿ ಬಿಡಬೇಡಿರಿ. ತೋಟದ ಕ್ರಿಮಿನಾಶಕವನ್ನೂ ಮನೆಯ ಮಾತ್ರೆಗಳನ್ನೂ ಬೀಗದೊಳಗಿಟ್ಟು, ಅಂದೇ ವೈದ್ಯರನ್ನು ಕಾಣಿರಿ.

6. ನೆರವು ಪಡೆಯಲು ಸಂಕೋಚಪಡಬೇಡಿರಿ

ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ವ್ಯವಸ್ಥೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಆಧಾರ. ಮಗುವಿನ ಮೇಲೆ ದೌರ್ಜನ್ಯ ನಡೆದಿರುವ ಶಂಕೆಯಿದ್ದರೆ 1098ಕ್ಕೆ ಕರೆಮಾಡಿರಿ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. ಜ್ವರ ಬಂದರೆ ವೈದ್ಯರ ಬಳಿಗೆ ಹೋಗಲು ನಾಚದ ನಾವು, ಮನಸ್ಸು ನೊಂದಾಗ ಮಾತ್ರ ನಾಲ್ಕು ಜನರಿಗೆ ಅಂಜುವುದು ಮಗುವಿಗೆ ಮಾಡುವ ಅನ್ಯಾಯ.

ಆ ತಾಯಿ ಅಂಜಲಿಲ್ಲ. ಮರುವಾರವೇ ಮಗಳನ್ನು ಕರೆದೊಯ್ದು ಚಿಕಿತ್ಸೆ ಕೊಡಿಸಿದರು. ಯುಗಾದಿಯ ಬೆಳಗ್ಗೆ ಆ ಹೊಸ್ತಿಲ ಮುಂದೆ ಐದು ಚುಕ್ಕಿಯದೊಂದು ಪುಟ್ಟ ರಂಗೋಲಿ ಕಾಣಿಸಿತು. ಹನ್ನೊಂದು ಚುಕ್ಕಿಯದು ಏಕಿಲ್ಲವೆಂದು ತಾಯಿ ಕೇಳಲಿಲ್ಲ. ರಂಗೋಲಿಪುಡಿಯ ಡಬ್ಬಿಯನ್ನು ಹಿಡಿದು, ಅದು ಮುಗಿಯುವವರೆಗೂ ಮಗಳ ಪಕ್ಕದಲ್ಲಿ ಕುಳಿತಿದ್ದರು.