ಇನ್ನೂರು ಹೆಸರು ಬರೆದುಕೊಂಡು ಬಾ

ಮೊನ್ನೆ ಭಾನುವಾರ ನೀನು ಬೆಂಗಳೂರಿನ ಉಲ್ಲಾಳದ ನಮ್ಮ ಮನೆಗೆ ಬಂದು, ನಿನ್ನ ಪುಸ್ತಕಕ್ಕೆ ಪ್ರೆಸ್ಸಿನವರು ಕೊಟ್ಟ ಕೊಟೇಶನ್ ನನ್ನ ಕೈಗಿಟ್ಟು, "ಸಾವಿರ ಪ್ರತಿ ಹಾಕಿಸಿದರೆ ಒಂದೊಂದಕ್ಕೆ ಬೀಳೋದು ಕಡಿಮೆ ಅಂತಾರೆ ಸರ್" ಅಂದೆ. ನಿನ್ನ ಹುರುಪು ಕಂಡು ಆಗ ಏನೂ ಹೇಳಲು ಮನಸ್ಸು ಬರಲಿಲ್ಲ. ನೀನು ಹೋದ ಮೇಲೆ ಸುಮ್ಮನಿರಲೂ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ತಾಯಿ.

ಅವರ ಲೆಕ್ಕ ಸುಳ್ಳೇನಲ್ಲ. ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು ಮುನ್ನೂರಕ್ಕೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಆದರೆ ಮಾರಾಟವಾಗದ ಪ್ರತಿ ಎಷ್ಟು ಅಗ್ಗವಾಗಿ ಬಿದ್ದರೂ ದಂಡವೇ. ನನ್ನ ಮೊದಲ ಕಥಾಸಂಕಲನವನ್ನು ಸಾವಿರ ಹಾಕಿಸಿದ್ದೆ. ಬಿಡುಗಡೆಯ ದಿನ ತೊಂಬತ್ತು ಹೋಯಿತು, ವರ್ಷ ತುಂಬುವಾಗ ಮುನ್ನೂರು ದಾಟಿರಲಿಲ್ಲ. ಮಿಕ್ಕ ಬಂಡಲ್‌ಗಳು ಮಂಚದ ಕೆಳಗೆ ಸೇರಿದವು. ಮೂರನೇ ಮಳೆಗಾಲದಲ್ಲಿ ಒಂದನ್ನು ಎಳೆದು ನೋಡಿದರೆ ಮೇಲಿನ ಕಂದು ಕಾಗದ, ಸುತ್ತಿದ ದಾರ ಎಲ್ಲಾ ಹಾಗೇ ಇತ್ತು. ಬಿಚ್ಚಿದಾಗ ಒಳಗೆ ಬರೀ ಮಣ್ಣು. ಗೆದ್ದಲು ಗೋಡೆ ಕಡೆಯಿಂದ ಹತ್ತಿ ಪುಟಗಳನ್ನೆಲ್ಲ ತಿಂದು ಮುಗಿಸಿತ್ತು. ನನ್ನ ಹೆಂಡತಿ ಅದನ್ನು ಮೊರಕ್ಕೆ ತುಂಬಿಕೊಂಡು ಹೊರಗೆ ಹಾಕಿಬಂದಳು, ಒಂದು ಮಾತೂ ಆಡಲಿಲ್ಲ. ಆ ಸಾಲ ತೀರಿಸಿದ್ದು ಅವಳ ಸಂಬಳ.

ನೀನು ಈಗ ಮುನ್ನೂರು ಹಾಕಿಸು. ಖಾಲಿಯಾದರೆ ಮತ್ತೆ ಮುನ್ನೂರು.

ಅಚ್ಚು ಹಾಕಿಸುವುದು ಹದಿನೈದು ದಿನದ ಕೆಲಸ. ಓದುವವರ ಮನೆ ಹುಡುಕುವುದರಲ್ಲಿ ಆಯುಷ್ಯ ಹೋಗುತ್ತದೆ. ಗಳಗನಾಥರು ನಿನ್ನ ಹಾಗೇ ಶಾಲಾ ಮಾಸ್ತರರು. ಕಾದಂಬರಿ ಬರೆದು, ಪತ್ರಿಕೆ ನಡೆಸಿ, ಆಮೇಲೆ ಪುಸ್ತಕದ ಹೊರೆ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರುಮಾಡಿದಾಗ ಚಂದಾದಾರರನ್ನು ಕಟ್ಟಿಕೊಂಡರು. ಓದುಗರ ಹಣ, ಓದುಗರ ಹೆಸರು ಕೈಯಲ್ಲಿ ಇದ್ದದ್ದರಿಂದಲೇ ಅವರು ಹೊಸಬರ ಮೇಲೆ ಧೈರ್ಯ ಮಾಡಬಲ್ಲವರಾದರು. ಕಾರ್ನಾಡರ 'ಯಯಾತಿ' ಬಂದದ್ದು ಅಲ್ಲಿಂದಲೇ. ಜೋಶಿಯವರೂ ಬರೆಯುವವರು, ಜಡಭರತ ಎಂಬ ಹೆಸರಿನಲ್ಲಿ ನಾಟಕ ಬರೆದವರು. ನಮ್ಮ ಕಾಲದಲ್ಲಿ ವಸುಧೇಂದ್ರರನ್ನು ನೋಡು. ಸಾಫ್ಟ್‌ವೇರ್ ನೌಕರಿಯಲ್ಲಿದ್ದುಕೊಂಡೇ ಛಂದ ಪುಸ್ತಕ ಪ್ರಕಾಶನ ಕಟ್ಟಿದರು, ತಮ್ಮ ಪುಸ್ತಕಗಳ ಜೊತೆ ಹೊಸ ಕಥೆಗಾರರ ಮೊದಲ ಸಂಕಲನಗಳನ್ನೂ ತಂದರು. ನೌಕರಿ ಬಿಡುತ್ತೇನೆ ಅಂದೆಯಲ್ಲ, ಆ ಮಾತು ಇನ್ನು ಮೂರು ವರ್ಷ ಆಡಬೇಡ.

ಈಗ ದುಡ್ಡಿನ ಮಾತು. ಒಂದು ಫಾರಂ ಅಂದರೆ 16 ಪುಟ, ನಿನ್ನ ಪುಸ್ತಕ ಎಂಟು ಫಾರಂಗೆ ಸರಿಯಾಗಿ 128 ಪುಟದಲ್ಲಿ ನಿಲ್ಲಲಿ. 130 ಆದರೆ ಆ ಎರಡು ಪುಟಕ್ಕಾಗಿ ಇನ್ನಷ್ಟು ಕಾಗದ ದಂಡ. ಬೆಲೆ 150 ಇಟ್ಟೆ ಅಂದುಕೋ. ವಿತರಕರು ನೂರಕ್ಕೆ ನಲವತ್ತು ಕೇಳಿದರೆ ನಿನ್ನ ಕೈಗೆ 90. ಲೇಖಕರ ಗೌರವಧನ 15, ಅಚ್ಚಿನ ಖರ್ಚು 55 ಕಳೆದರೆ ಉಳಿಯುವುದು 20. ಅದರಲ್ಲೇ ಡಿಟಿಪಿ, ಮುಖಪುಟ, ಪ್ರೂಫ್, ಆಟೋ. ಅದೇ ಪ್ರತಿಯನ್ನು ಓದುಗರೇ ನೇರವಾಗಿ ತರಿಸಿಕೊಂಡು ಅಂಚೆ ಖರ್ಚನ್ನೂ ಕೊಟ್ಟರೆ ಉಳಿಯುವುದು 80. ಹಾಗಂತ ಅಂಗಡಿ ಬಿಡಬೇಡ. ಜ್ಞಾನಭಾರತಿಯಲ್ಲಿ ಮೆಟ್ರೋ ಹತ್ತಿದರೆ ಮೆಜೆಸ್ಟಿಕ್, ಅಲ್ಲಿಂದ ಗಾಂಧಿನಗರದ ಸಪ್ನಾ ಬುಕ್ ಹೌಸ್‌ಗೆ ನಡೆದೇ ಹೋಗಬಹುದು. ಆದರೆ ಯಾವ ಅಂಗಡಿಯಲ್ಲೂ ಚೀಟಿಗೆ ಸಹಿ ಹಾಕಿಸಿಕೊಳ್ಳದೆ ಐದು ಪ್ರತಿಯನ್ನೂ ಇಟ್ಟು ಬರಬೇಡ, ಮೂರು ತಿಂಗಳಿಗೊಮ್ಮೆ ಹೋಗಿ ಬಾಕಿ ಕೇಳು. ಬಾಕಿ ಕೇಳಲು ನಾನು ನಾಚಿಕೊಂಡೆ. ಆ ನಾಚಿಕೆಗೆ ತೆತ್ತದ್ದು ಒಂದು ಪುಸ್ತಕದ ಅಚ್ಚಿನ ಖರ್ಚು.

ಗ್ರಂಥಾಲಯದ ಸಗಟು ಖರೀದಿಗೆ ಅರ್ಜಿ ಹಾಕು, ಆದರೆ ಅದು ಬರುತ್ತೆ ಅಂತ ಸಾಲ ಮಾಡಬೇಡ. ಐಎಸ್‌ಬಿಎನ್‌ಗೆ ಯಾರಿಗೂ ದುಡ್ಡು ಕೊಡಬೇಕಿಲ್ಲ, ಸರ್ಕಾರ ಉಚಿತವಾಗಿಯೇ ಕೊಡುತ್ತದೆ. ಪ್ರೂಫ್ ಮಾತ್ರ ಕಾಗದದ ಮೇಲೇ ನೋಡು. ನುಡಿ ತಂತ್ರಾಂಶದಲ್ಲಿ ಟೈಪಾದದ್ದು ಯೂನಿಕೋಡ್‌ಗೆ ಬರುವಾಗ ಅರ್ಕಾವತ್ತು ಜಾಗ ತಪ್ಪಿರುತ್ತದೆ, ಪರದೆಯ ಮೇಲೆ ಕಣ್ಣು ಅದನ್ನು ದಾಟಿಸಿಬಿಡುತ್ತದೆ.

ನಾಳೆ ನಿನ್ನ ಗೆಳತಿಯ ಕವನಸಂಕಲನ ತರುತ್ತೀಯಂತೆ. ಮೊದಲು ಕರಾರು ಬರೆದುಕೊಳ್ಳಿ. ಸ್ನೇಹವಿದೆ ಅಂತ ಬಾಯಿಮಾತಿನಲ್ಲಿ ಬಿಡಬೇಡಿ. ಪ್ರತಿ ಏಪ್ರಿಲ್‌ನಲ್ಲಿ ಎಷ್ಟು ಹೋಯಿತು, ಎಷ್ಟು ಉಳಿಯಿತು ಅಂತ ಬರೆದುಕೊಟ್ಟು, ಒಂಬೈನೂರು ರೂಪಾಯಿಯೇ ಆಗಿರಲಿ, ಅವಳ ಕೈಗೆ ಇಡು. ನನ್ನದೊಂದು ಕಾದಂಬರಿ ಎರಡನೇ ಮುದ್ರಣ ಕಂಡದ್ದು ನನಗೆ ಗೊತ್ತಾದದ್ದೇ ಅಂಗಡಿಯ ಕಪಾಟಿನಲ್ಲಿ. ಅವತ್ತು ಬೇಜಾರಾದದ್ದು ದುಡ್ಡು ಬರಲಿಲ್ಲ ಅಂತ ಮಾತ್ರವಲ್ಲ, ಕಣಮ್ಮ. ಪ್ರಕಾಶಕರು ಒಂದು ಫೋನಾದರೂ ಮಾಡಬಹುದಿತ್ತು. ನಿನ್ನ ಹತ್ತಿರ ಪುಸ್ತಕ ಕೊಟ್ಟವರು ಯಾರೂ ಹಾಗೆ ಕಪಾಟಿನ ಮುಂದೆ ನಿಲ್ಲುವಂತಾಗಬಾರದು.

ಬರವಣಿಗೆಯ ಹೊತ್ತನ್ನು ಪಾರ್ಸೆಲ್ಲಿಗೆ ಕೊಡಬೇಡ. ಬೆಳಗಿನ ಒಂದು ಗಂಟೆ ನಿನ್ನ ಕಥೆಗೇ ಇರಲಿ, ಪ್ಯಾಕಿಂಗು ಶನಿವಾರ ಸಂಜೆ ಮಾಡು. ಎಷ್ಟೋ ಒಳ್ಳೆಯ ಕಥೆಗಾರರು ಪ್ರಕಾಶಕರಾದ ಮೇಲೆ ಬರೀ ಪ್ರಕಾಶಕರಾಗಿ ಉಳಿದದ್ದನ್ನು ಕಂಡಿದ್ದೇನೆ. ನೀನು ಹಾಗಾದರೆ ನನಗೆ ನಿಜಕ್ಕೂ ನೋವಾಗುತ್ತದೆ.

ಕೊಟೇಶನ್ ನನ್ನ ಹತ್ತಿರವೇ ಇದೆ. ಬರುವ ಭಾನುವಾರ ಒಂದು ನೋಟ್‌ಬುಕ್ ತೆಗೆದುಕೊಂಡು ಬಾ. ನಿನ್ನ ಪುಸ್ತಕವನ್ನು ದುಡ್ಡು ಕೊಟ್ಟು ಕೊಳ್ಳುವಂಥ ಇನ್ನೂರು ಜನರ ಹೆಸರು, ವಿಳಾಸ ಅದರಲ್ಲಿರಲಿ. ಅದನ್ನು ನೋಡಿದ ಮೇಲೆ ಪ್ರೆಸ್ಸಿಗೆ ಇಬ್ಬರೂ ಹೋಗೋಣ.